ಒಣಗದ ಅಂಟು

ಅಕ್ಕ ಸಿಟ್ಟಿನಿಂದ ಕಾರಿನ ಬಾಗಿಲನ್ನು ರಪ್ಪನೆ ಹಾಕಿದಳು. ಆಗಷ್ಟೇ ಕೂರಿಸಿದ್ದ ಹಿಂದಿನ ಗಾಜು ಒಳಗಿನ ಗಾಳಿಯ ಒತ್ತಡಕ್ಕೆ ಕಿತ್ತುಬಂದು, ಡಿಕ್ಕಿಯ ಮೇಲಿಂದ ಜಾರಿ, ಹಿಂದೆ ನಿಂತಿದ್ದ ತಮ್ಮನ ಕಾಲ ಬಳಿ ಪುಡಿಪುಡಿಯಾಯಿತು.

“ಅಂಟು ಒಣಗಿಲ್ಲ, ಕಿಟಕಿ ಸ್ವಲ್ಪ ಇಳಿಸಿ, ಬಾಗಿಲು ಮೆಲ್ಲಗೆ ಹಾಕಿ ಅಂತ ಬಡ್ಕೊಂಡೆನಲ್ಲಮ್ಮಾ!” ಎಂದು ಗಾಜಿನಂಗಡಿಯವನು ತಲೆಯ ಮೇಲೆ ಕೈ ಹೊತ್ತ.

ಅದು ಅವಳ ಕಿವಿಗೆ ಬೀಳಲೇ ಇಲ್ಲ. ಅಮ್ಮನ ಆಪರೇಷನ್ ವಿಷಯಕ್ಕೆ ಜಗಳವಾದಂದಿನಿಂದ ಅವಳು ತಮ್ಮನೊಡನೆ ಮಾತು ಬಿಟ್ಟಿದ್ದಳು. ಅಮ್ಮನನ್ನು ನೋಡಲು ಈ ದಿನ ಒಟ್ಟಿಗೆ ಹೊರಟು, ಒಡೆದಿದ್ದ ಗಾಜು ಹಾಕಿಸಲು ನಡುವೆ ಇಲ್ಲಿ ನಿಂತಿದ್ದರೂ, ದಾರಿಯುದ್ದಕ್ಕೂ ತುಟಿ ಬಿಚ್ಚಿರಲಿಲ್ಲ. ಈಗ ಅವನು ಗರಬಡಿದವನಂತೆ ನಿಂತಿದ್ದ; ಚೂರು ಸಿಡಿದು ಕೆನ್ನೆಯಿಂದ ರಕ್ತ ಇಳಿಯುತ್ತಿತ್ತು.

“ಪುಟ್ಟಾ! ಕಣ್ಣಿಗೇನಾದ್ರೂ ಆಯ್ತೇನೋ?” ಗಾಜು ತುಳಿದುಕೊಂಡೇ ಓಡಿಬಂದು ಅವಳು ಅವನ ಮುಖ ಹಿಡಿದಳು.

ಅವನು ಬಿಟ್ಟ ಬಾಯಿ ಬಿಟ್ಟಂತೆಯೇ ಅವಳನ್ನು ನೋಡಿದ. “ಇಲ್ಲಕ್ಕಾ… ನೀನು ಮಾತಾಡಿದೆಯಲ್ಲ!”