ಮನೆ ಕಟ್ಟುವ ಮೇಜು

ಮಗಳು ಮರೆತುಬಂದ ಊಟದ ಡಬ್ಬಿಯನ್ನು ಅವಳ ಆಫೀಸಿನಲ್ಲಿ ಕೊಟ್ಟುಹೋಗಲು ಬಂದ ಅಪ್ಪನನ್ನು, ಅಲ್ಲಿ ತಯಾರಾದದ್ದನ್ನು ಜನರ ಕೈಲಿ ಬಳಸಿಸಿ ನೋಡುವ ಪರೀಕ್ಷಕ ಬಾಗಿಲಲ್ಲೇ ಹಿಡಿದುಹಾಕಿದ. ಅವತ್ತಿನ ಪರೀಕ್ಷೆಗೆ ಬರಬೇಕಾಗಿದ್ದ ಹಿರಿಯರೊಬ್ಬರು ಕೈಕೊಟ್ಟಿದ್ದರು. ವಯಸ್ಸಾದವರು ಯಾರಾದರೂ ಬೇಕೇಬೇಕಿತ್ತು. "ಅರ್ಧ ಗಂಟೆ ಅಷ್ಟೇ ಅಂಕಲ್" ಎನ್ನುತ್ತ ಒಳಗೆ ಕರೆದೊಯ್ದು ಕೂರಿಸಿಯೇಬಿಟ್ಟ. ಸುದ್ದಿ ತಿಳಿದು ಮಗಳು ಓಡಿಬರುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಅವಳಿಗೆ ಉಳಿದದ್ದು ಪಕ್ಕದ ಕತ್ತಲೆ ಕೋಣೆ. ಅಲ್ಲಿ ಒಳಗಿನ ಮಾತು ಕೇಳಲು ಒಂದು ಸ್ಪೀಕರ್, ನೋಡಲು ಒಂದು ಗಾಜು. ಆಚೆ ಕೂತವರಿಗೆ ಅದು ಬರೀ ಕನ್ನಡಿ.

ಒಳಗಿದ್ದದ್ದು ಅವಳೇ ವಿನ್ಯಾಸ ಮಾಡಿದ ಮೇಜು. ಮ್ಯೂಸಿಯಂಗೆ ಹೋಗಬೇಕಾದದ್ದು. ಮೇಜಿನ ತುಂಬ ಪರದೆ, ಪರದೆಯ ಮೇಲೊಂದು ಖಾಲಿ ಸೈಟು. ಬೆರಳಲ್ಲಿ ಕೋಣೆಗಳನ್ನು ಎಳೆದು ತಂದಿಟ್ಟು ಮನೆ ಕಟ್ಟಬಹುದು. ಜನ ಅದನ್ನು ಹೇಗೆ ಬಳಸುತ್ತಾರೆಂದು ನೋಡುವ ದಿನಕ್ಕೆ ಎರಡು ನಿಯಮ. ಮಾಡಿದವರು ಗಾಜಿನ ಹಿಂದೆ ತುಟಿಪಿಟಕ್ಕೆನ್ನದೆ ಕೂರಬೇಕು. ಮೇಜಿನ ಮುಂದೆ ಕೂತವರು ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಿರಬೇಕು.

ಪರೀಕ್ಷಕ ಈ ಎರಡನೆಯದನ್ನು ಅಪ್ಪನಿಗೆ ವಿವರಿಸುವುದು ಕೇಳಿ ಮಗಳು ಹಣೆ ಚಚ್ಚಿಕೊಂಡಳು. ಯಾರು, ಈ ಅಪ್ಪ ಬಾಯಿಬಿಡುವುದೆ? ಅವಳು ಗಂಡನ ಮನೆಗೊಂದು ದೊಡ್ಡ ನಮಸ್ಕಾರ ಹಾಕಿ, ಸೂಟ್‌ಕೇಸು ಎಳೆದುಕೊಂಡು ವಾಪಸು ಬಂದ ದಿನ ಆತ ಕೇಳಿದ್ದು ಒಂದೇ ಮಾತು: "ಬಸ್ಸಲ್ಲಿ ಸೀಟು ಸಿಕ್ತಾ?" ಸಿಕ್ಕಿತು ಎಂದಿದ್ದಳು. ಅಲ್ಲಿಗೆ ಆ ವಿಷಯ ಮುಗಿದಿತ್ತು. ಇರು ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಒಂದು ರೂಮಿನಲ್ಲಿ ಅಣ್ಣ-ಅತ್ತಿಗೆ, ಇನ್ನೊಂದರಲ್ಲಿ ಅಪ್ಪ, ಹಾಲ್‌ನ ಸೋಫಾ ಮೇಲೆ ಇವಳು. ತಾನು ಭಾರವಾಗಿದ್ದೇನೆ ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ ಎಂದುಕೊಂಡು ಹಾಸ್ಟೆಲ್ಲೊಂದನ್ನು ನೋಡಿಟ್ಟಿದ್ದಳು. ಬರುತ್ತಾಳೋ ಇಲ್ಲವೋ ಎಂದು ಇವತ್ತು ಸಂಜೆ ಫೋನು ಮಾಡಿ ತಿಳಿಸಬೇಕಿತ್ತು.

"ಇದನ್ನ ಒತ್ತೋದಾ, ಎಳೆಯೋದಾ?" ಅಪ್ಪ ಕೇಳಿದ.

"ನಿಮಗೇನನ್ಸುತ್ತೆ?" ಎಂದ ಪರೀಕ್ಷಕ. ಏನು ಕೇಳಿದರೂ ಹೀಗೇ ಉತ್ತರಿಸಬೇಕೆಂದು ಅವನಿಗೆ ಪಾಠವಾಗಿತ್ತು.

"ಗೊತ್ತಿದ್ರೆ ಕೇಳ್ತಿದ್ನೇನಪ್ಪಾ?"

"ಅದನ್ನೇ ಜೋರಾಗಿ ಹೇಳ್ತಾ ಇರಿ ಅಂಕಲ್."

ಅಪ್ಪ ಜೀವಮಾನವೆಲ್ಲ ಲಿಫ್ಟ್ ರಿಪೇರಿ ಮಾಡಿದವನು. ಒಪ್ಪಿಕೊಂಡ ಕೆಲಸವನ್ನು ಹೇಳಿದ ಹಾಗೆ ಮಾಡಿಕೊಡುವ ಆಸಾಮಿ. ಗಂಟಲು ಸರಿಮಾಡಿಕೊಂಡು ಶುರುಹಚ್ಚಿಕೊಂಡ.

"ಅಡುಗೆಮನೆ ಇಲ್ಲಿ. ಹಾಲ್ ಇಲ್ಲಿ. ಇದು ಮಗ-ಸೊಸೇದು. ಇದು ನಂದು, ಕಿಟಕಿ ಇರೋ ಕಡೆ. ಆಯ್ತು. ಊಹೂಂ, ಆಗಿಲ್ಲ. ಮಗಳಿಗೊಂದು ಬೇಕು. ಸೋಫಾ ಮೇಲೆ ಮಲಗ್ತಾಳೆ, ಉದ್ದ ಸಾಲಲ್ಲ, ಕಾಲು ಹೊರಗೆ ಬರುತ್ತೆ. ನೀರು ಕುಡಿಯೋಕೆ ಎದ್ದಾಗೆಲ್ಲ ನೋಡ್ತೀನಿ. ಏನಾದ್ರೂ ಹೇಳ್ಬೇಕು ಅನ್ಸುತ್ತೆ. ನೀರು ಕುಡಿದು ವಾಪಸ್ ಹೋಗ್ತೀನಿ."

ಗಾಜಿನ ಹಿಂದೆ ಮಗಳು ಎದ್ದು ನಿಂತಳು. ಅಪ್ಪ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ಇದೆಲ್ಲ ಮೇಜಿಗೆ ಸಂಬಂಧ ಇಲ್ಲ, ಅಲ್ವಾ?" ಅಪ್ಪನಿಗೇ ಅನುಮಾನ ಬಂತು.

"ನಿಮಗೇನನ್ಸುತ್ತೆ?"

"ಇದೆ ಅನ್ಸುತ್ತೆ," ಎಂದು ಅಪ್ಪ ಇನ್ನೊಂದು ಕೋಣೆಯನ್ನು ಎಳೆದು ತಂದ.

ಮೇಜು ಕುಂಯ್ ಎಂದಿತು. 'ಜಾಗವಿಲ್ಲ. ಒಂದು ಕೋಣೆ ತೆಗೆಯಿರಿ' ಎಂಬ ಅಕ್ಷರ ಮೂಡಿತು. ಸೈಟು ಬೇಕೆಂತಲೇ ಚಿಕ್ಕದು. ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಬಿಡುವುದು ಎಂದು ಜನ ಸ್ವಲ್ಪ ತಲೆಕೆಡಿಸಿಕೊಳ್ಳಲಿ ಎಂಬುದು ಮಗಳದೇ ಐಡಿಯಾ. ಅದಕ್ಕೆ ಮೇಲಿನವರು ಬೆನ್ನು ತಟ್ಟಿದ್ದರು. ಈಗ ಅವಳೇ ಗಾಜಿಗೆ ಹಣೆ ಒತ್ತಿ ನಿಂತಳು. ನನ್ನದನ್ನೇ ಬಿಡುತ್ತಾನೆ, ಅಂದುಕೊಂಡಳು. ಪಾಪ, ಬಿಡದೆ ಇನ್ನೇನು ಮಾಡಿಯಾನು, ಜಾಗವೇ ಇಲ್ಲವಲ್ಲ.

ಅಪ್ಪ ತನ್ನ ಕೋಣೆಯನ್ನು ಬೆರಳಲ್ಲಿ ಎಳೆದು ಮೂಲೆಯ ಕಸದ ಬುಟ್ಟಿಗೆ ಹಾಕಿದ. 'ಈ ಕೋಣೆ ತೆಗೆದರೆ ಮತ್ತೆ ಸಿಗುವುದಿಲ್ಲ. ತೆಗೆಯಬೇಕೆ?' ಎಂದು ಮೇಜು ಕೆಂಪಕ್ಷರದಲ್ಲಿ ಕೇಳಿತು. ಅಪ್ಪ ಅದನ್ನೂ ನಿಯಮದ ಪ್ರಕಾರ ಜೋರಾಗಿ ಓದಿ, 'ಹೌದು' ಒತ್ತಿದ.

"ನಂಗೆ ಸೋಫಾ ಸಾಕು. ನಾನು ಗಿಡ್ಡ," ಎಂದ. ಕಿಟಕಿಯ ಕಡೆ ಮಗಳ ಕೋಣೆಯನ್ನು ಕೂರಿಸಿದ. "ಇದನ್ನ ಅವಳಿಗೆ ತೋರಿಸ್ತೀರಾ?"

"ನಿಮಗೇನನ್ಸುತ್ತೆ?"

"ತೋರಿಸಿದ್ರೆ ಒಳ್ಳೇದು. ನಂಗೆ ಮನೇಲಿ ಬಾಯಿ ಬರಲ್ಲ."

ಮಗಳು ಅಂಗೈಯಿಂದ ಬಾಯಿ ಮುಚ್ಚಿಕೊಂಡು ಅತ್ತಳು, ಸದ್ದಾಗದ ಹಾಗೆ. ನಿಯಮ ಅಂದರೆ ನಿಯಮ. ಹಾಸ್ಟೆಲ್ಲಿನವರಿಗೆ ಏನು ಹೇಳಬೇಕೆಂಬುದು ಅವಳಿಗೆ ತಿಳಿದುಹೋಗಿತ್ತು.

ಅಪ್ಪನನ್ನು ಮುಂಬಾಗಿಲ ಬಳಿ ಕೂರಿಸಿ ಬಂದ ಪರೀಕ್ಷಕನ ಮುಖ ಮಾತ್ರ ಸಪ್ಪಗಿತ್ತು.

"ಮೇಡಂ, ಆ ಕೆಂಪು ಎಚ್ಚರಿಕೆ ಬರೆದೋರು ಯಾರು?"

"ನಾನೇ. ಯಾಕೆ?"

"ಕೆಲಸ ಮಾಡ್ತಿಲ್ಲ. ನಿಮ್ಮಪ್ಪ ಪೂರ್ತಿ ಓದಿದ್ರು. ಓದಿದ್ಮೇಲೂ ಒಂದು ಕ್ಷಣ ಯೋಚ್ನೆ ಮಾಡ್ಲಿಲ್ಲ. ಇನ್ನೂ ಸ್ವಲ್ಪ ಹೆದರಿಸೋ ಹಾಗೆ ಬರೀಬೇಕು."