ಇರುವೆ ಮುತ್ತಿದ ಗಾಡಿ

ಮಧ್ಯಾಹ್ನದೊಳಗೆ ಗಾಡಿ ಚಾಲೂ ಆದರೆ ಅದು ಸ್ನೇಹಲಳದು, ಆಗದಿದ್ದರೆ ನಿಪ್ಪಾಣಿಯ ಗುಜರಿ ವ್ಯಾಪಾರಿ ಬಾಳಾಸಾಬನದು. ಟೆಂಪೋ ತರಲು ಅವನಿಗೆ ಆಗಲೇ ಫೋನು ಹೋಗಿತ್ತು. ಮಾವ ಧರೆಪ್ಪ ಹೀಗೆ ತೀರ್ಪು ಕೊಟ್ಟು ಕಬ್ಬಿಗೆ ನೀರು ಹಾಯಿಸಲು ಹೋದದ್ದೇ ತಡ, ಸೊಸೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತೋಟದ ಮನೆಯ ಅಂಗಳದಲ್ಲಿ ಹಳೆಯ ಪೇಪರು ಹಾಸಿ, ಮೋಟಾರ್ ಸೈಕಲ್ಲಿನ ಮುಂದೆ ಕುಳಿತೇಬಿಟ್ಟಳು. ಅಥಣಿಯ ತವರಿನಲ್ಲಿ ಅಣ್ಣನ ಗಾಡಿ ಓಡಿಸಿದ್ದಳೇ ಹೊರತು ಜನ್ಮದಲ್ಲಿ ಒಂದು ನಟ್ಟು ಬಿಚ್ಚಿದವಳಲ್ಲ. ಆದರೆ ಏಕಸಂಬಿಯ ಪತ್ತಿನ ಸಹಕಾರಿ ಸಂಘದ ಕೆಲಸಕ್ಕೆ ಹೋಗಲು ದಿನಾ ಕಬ್ಬಿನ ಟ್ರ್ಯಾಕ್ಟರಿಗೆ ಕೈ ಮಾಡಿ ಮಾಡಿ ಅವಳಿಗೆ ಸಾಕುಬೇಕಾಗಿತ್ತು. ಗಂಡ ಈಶ್ವರ ಫ್ಯಾಕ್ಟರಿಯ ಪಾಳಿಗೆ ಹೋಗಿದ್ದ. ಅವಳಿಗಿದ್ದ ಗುರುವೆಂದರೆ ಮೊಬೈಲಿನೊಳಗೆ ಹಿಂದಿಯಲ್ಲಿ ಪಾಠ ಹೇಳುವ ಒಬ್ಬ ದಾಡಿಯವನು. ನೆಟ್‌ವರ್ಕು ಸಿಗುವುದೋ ಬಾವಿಕಟ್ಟೆಯ ಮೇಲೆ ಮಾತ್ರ. ಹೀಗಾಗಿ ಒಂದು ಸ್ಕ್ರೂ ಬಿಚ್ಚುವುದು, ಬಾವಿಗೆ ಓಡುವುದು, ನೋಡಿ ಬಂದು ಇನ್ನೊಂದು ಬಿಚ್ಚುವುದು.

ಮೊದಲು ಬ್ರೇಕು. ಹಿಂದಿನ ಗಾಲಿ ಕಳಚಿ, ಲೈನರ್ ಹೊರತೆಗೆದು, ಧೂಳು ಜಾಡಿಸಿ, ಪಾಲಿಶ್ ಪೇಪರಿನಿಂದ ತಿಕ್ಕಿ, ಮತ್ತೆ ಕೂಡಿಸಿದಳು. ಪೆಡಲು ತುಳಿದರೆ ಗಾಲಿ ಗಕ್ಕನೆ ನಿಂತಿತು. ಅವಳಿಗೆ ಕುಣಿಯಬೇಕೆನ್ನಿಸಿತು.

"ಬ್ರೇಕ್ ಹಿಡೀತೈತೇನ?" ಜೋಳ ಹಸನು ಮಾಡುತ್ತಿದ್ದ ಅತ್ತೆ ಗೌರಾಬಾಯಿ ಕೇಳಿದಳು. ಬೆಳಗಿನಿಂದ ಅವಳು ಆಡಿದ್ದು ಇದೊಂದೇ ಮಾತು.

"ಹಿಡೀತೈತ್ರಿ ಅತ್ತಿ. ಜಗ್ಗಿದ್ರೂ ಗಾಲಿ ಅಳ್ಳಾಡವಲ್ದು ನೋಡ್ರಿ."

ಆಮೇಲೆ ಕಾರ್ಬ್ಯುರೇಟರ್. ಅದರ ಕೆಳಗಿನ ಬಟ್ಟಲು ಬಿಚ್ಚಿದರೆ ತಳದಲ್ಲಿ ಕಂದುಬಣ್ಣದ ಗಸಿ. ಪೆಟ್ರೋಲು ಹಾದು ಹೋಗುವ ಸಣ್ಣ ತೂತು ಪೂರಾ ಮುಚ್ಚಿಹೋಗಿತ್ತು. ತಂದಿಟ್ಟುಕೊಂಡಿದ್ದ ಬಾಟಲಿಯ ಪೆಟ್ರೋಲಿನಿಂದ ಎಲ್ಲ ತೊಳೆದು, ಚಿಂದಿಯಿಂದ ಒರೆಸಿ, ಸೈಕಲ್ ಪಂಪಿನಿಂದ ಗಾಳಿ ಊದಿ ಜೋಡಿಸಿದಳು. ಕಿಕ್ ಹೊಡೆದಳು. ಗಾಡಿ ಭರ್ರೆಂದಿತು. ಸ್ನೇಹಲ ಕಿರುಚುವುದರೊಳಗೆ ಕೆಮ್ಮಿ ನಿಂತಿತು. ಮತ್ತೆ ಬಿಚ್ಚಿದಳು, ಮತ್ತದೇ ಗಸಿ.

ಪೇಪರಿನ ಮೇಲೆ ಒಗೆದಿದ್ದ ಚಿಂದಿಗೆ ಕೈಹಾಕಿದವಳು ಹಾಗೇ ನಿಂತಳು. ಚಿಂದಿಯ ತುಂಬಾ ಇರುವೆ. ಪೆಟ್ರೋಲಿಗೆ ಇರುವೆ ಮುತ್ತಿದ್ದನ್ನು ಯಾರಾದರೂ ಕಂಡಿದ್ದಾರೆಯೇ? ಅವಳ ಕಣ್ಣು ಗಾಡಿಯ ಪೆಟ್ರೋಲ್ ಟಾಕಿಗೆ ಸುರಿಯಲೆಂದು ಗೋಡೆಗೆ ಆನಿಸಿಟ್ಟಿದ್ದ ಕ್ಯಾನಿನ ಮೇಲೆ ಹೋಯಿತು. ಅದರ ಬಾಯಿಗೂ ಇರುವೆಯ ಸಾಲು.

"ಅತ್ತಿ, ಈ ಕ್ಯಾನಿನ್ಯಾಗ ಮೊದಲ ಏನಿತ್ರಿ?"

ಗೌರಾಬಾಯಿಯ ಕೈಯಲ್ಲಿ ಜೋಳ ಕೇರುವ ಮೊರ ನಿಂತಿತು. "ಕಾಕವಿ. ಗಾಣದಿಂದ ತಂದದ್ದು."

"ಬೆಲ್ಲದ ಪಾಕದ ಕ್ಯಾನಿಗೆ ಪೆಟ್ರೋಲ್ ಯಾರ ಹಾಕಿದ್ರಿ?"

"ನಾನ. ತೊಳೀಲಾರದ ಹಾಕೀನಿ, ಬೇಕಂತ." ಅವಳು ಕಬ್ಬಿನ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದಳು. "ನಿಮ್ಮ ಮಾವಗ ಕಣ್ಣಿಗೆ ಪೊರಿ ಬಂದೈತಿ. ಆಪರೇಷನ್ ಅಂದ್ರ ಮೈಮ್ಯಾಲ ಬರತಾರ. ಹ್ವಾದ ಸುಗ್ಗ್ಯಾಗ ಗಾಡಿ ಒಯ್ದ ಕಾಲುವ್ಯಾಗ ಹಾಕಿದ್ರಲ್ಲ, ಬ್ರೇಕ್ ಹಿಡೀಲಿಲ್ಲ ಅಂದ್ರು. ಅವರಿಗೆ ಕಾಲುವೀನ ಕಂಡಿಲ್ಲ. ಗಾಡಿ ಸತ್ರ ಮನುಷ್ಯಾ ಉಳೀತಾನ ಅಂತ ಹಾಕಿದೆ."

"ನಾ ಹೊಡೀತೇನ್ರಿ. ಅವರ ಕೈಗೆ ಕೊಡಾಂಗಿಲ್ಲ."

"ಕೊಡಾಂಗಿಲ್ಲ ಅಂದ್ರ ಕೇಳವರೇನ ಅವರು?"

ರೋಗ ಗೊತ್ತಾದ ಮೇಲೆ ಸ್ನೇಹಲಳ ಕೈ ಸುಮ್ಮನಿರಬೇಕಲ್ಲ. ಟಾಕಿ ಬರಿದು ಮಾಡಿದಳು, ಜಾಲಿಸಿದಳು, ತೊಳೆಯಲೆಂದು ತಂದಿದ್ದ ಬಾಟಲಿಯ ಒಳ್ಳೆಯ ಪೆಟ್ರೋಲು ಸುರಿದಳು. ಒಂದೇ ಕಿಕ್ಕು. ಈ ಸಲ ಗಾಡಿ ನಿಲ್ಲಲಿಲ್ಲ. ಮರದ ಮೇಲಿನ ಕಾಗೆಗಳು ಹಾರಿದವು, ಎಮ್ಮೆ ಗೂಟ ಜಗ್ಗಿತು, ಸ್ನೇಹಲ ಗ್ರೀಸಿನ ಕೈಯಲ್ಲೇ ಮುಖ ಮುಚ್ಚಿಕೊಂಡು ನಕ್ಕಳು.

ಸದ್ದು ಕೇಳಿ ಧರೆಪ್ಪ ಕೆಸರುಗಾಲಿನಲ್ಲೇ ಓಡಿ ಬಂದ. "ಶಾಬಾಸ್ ಸೊಸಿ. ಗಾಡಿ ನಿಂದ, ಮಾತ ಅಂದ್ರ ಮಾತ. ಖರೆ ಮೊದಲ ನಾ ಏಕಸಂಬಿ ತನಕಾ ಒಂದ ರೌಂಡ ಹೊಡದ ಬರತೇನಿ. ಕಾಲ ತೊಳದ ತಲಿಗೆ ಪಟಕಾ ಸುತಗೊಂಡ ಬಂದೆ, ಬಂದ್ ಮಾಡಬ್ಯಾಡ."

ಗೌರಾಬಾಯಿ ಸೊಸೆಯ ಮುಖ ನೋಡಿದಳು. ಸ್ನೇಹಲಳಿಗೆ ದಾಡಿಯವನ ಪಾಠ ನೆನಪಾಯಿತು. ಟಾಕಿಯ ಕೆಳಗಿನ ನಲ್ಲಿಯಂಥ ಸಣ್ಣ ಕಾಕು ತಿರುವಿದರೆ ಪೆಟ್ರೋಲು ಬರುವುದು ನಿಲ್ಲುತ್ತದೆ. ಬಟ್ಟಲಿನಲ್ಲಿ ಇದ್ದಷ್ಟು ಕುಡಿದು ಗಾಡಿ ತಾನಾಗಿ ಆರುತ್ತದೆ. ಅದನ್ನು ತಿರುವಿದಳು, ಮಾವ ಪಟಕಾ ಸುತ್ತಿ ಮುಗಿಸುವತನಕ ಒಂದೇ ಸಮ ರೇಸ್ ಕೊಟ್ಟಳು. ಧರೆಪ್ಪ ಬಂದು ಸೀಟಿನ ಮೇಲೆ ಕೂತದ್ದೂ ಗಾಡಿ ಆರಿದ್ದೂ ಒಂದೇ ಆಯಿತು.

ಅವನು ಕಿಕ್ ಹೊಡೆದ. ಬೈದು ಹೊಡೆದ. ಸುತ್ತಿದ ಪಟಕಾ ಸಡಿಲಾಗಿ ಹೆಗಲಿಗೆ ಬೀಳುವತನಕ ಹೊಡೆದ.

"ನಾ ಒಮ್ಮಿ ನೋಡ್ಲೇನ್ರಿ ಮಾವಾರ?"

ಸ್ನೇಹಲ ಹತ್ತಿ ಕೂತಳು. ಸೆರಗು ಸರಿಪಡಿಸುವ ನೆವದಲ್ಲಿ ಕೈ ಟಾಕಿಯ ಕೆಳಗೆ ಹೋಗಿ ಬಂತು. ತುಸು ಕಾದು ಒಂದು ಕಿಕ್ ಕೊಟ್ಟಳು. ಗಾಡಿ ಭರ್ರೆಂದಿತು.

ಧರೆಪ್ಪ ಗಾಡಿಯನ್ನೂ ಸೊಸೆಯನ್ನೂ ನೋಡಿ ಸೋತವನಂತೆ ನಕ್ಕ. "ನಿನಗ ಒಗ್ಗೇತಿ ಇದು. ನನ್ನ ಕಾಲಿಗೆ ಬಗ್ಗಾಂಗಿಲ್ಲ. ಬಾಳಾಸಾಬಗ ಬರಬ್ಯಾಡಂತ ಹೇಳತೇನಿ." ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನಂಬರು ಹುಡುಕುತ್ತ ಬಾವಿಯ ಕಡೆ ನಡೆದ.

ತೊಳೆಯಲು ಒಯ್ಯುವವಳಂತೆ ಕ್ಯಾನು ಎತ್ತಿಕೊಂಡು ಬಂದ ಗೌರಾಬಾಯಿ ಗಾಡಿಯ ಪಕ್ಕ ಬಗ್ಗಿದಳು.

"ಅದನ್ನ ಯಾವ ಕಡೆ ತಿರುವಿದ್ರ ಬಂದ್ ಆಗತೈತಿ, ನನಗೂ ತೋರಿಸಿಡವಾ. ರವಿವಾರ ನಿನಗ ಸೂಟಿ, ಗಾಡಿ ಇವರ ಕಣ್ಣ ಮುಂದ ಮನ್ಯಾಗ ನಿಂತಿರತೈತಿ."