ಪ್ರೋತ್ಸಾಹ ಸಮಾರಂಭ

ವಾರಕ್ಕೆ ಇಪ್ಪತ್ತೆರಡು ಗಂಟೆ ಪಾಠ ಮಾಡಿ, ಉಳಿದ ಹೊತ್ತಿನಲ್ಲಿ ಕೆರೆಯಿಂದ ಕೆರೆಗೆ ಅಲೆದು, ವಾರಿಜಾ ಮೇಡಂ ಮೂರು ವರ್ಷದಲ್ಲಿ ನೂರಾ ಹತ್ತು ಸೀಸೆಗಳಷ್ಟು ಸೂಕ್ಷ್ಮಜೀವಿಗಳನ್ನು ಕೂಡಿಹಾಕಿದ್ದರು. ಎಲ್ಲವೂ ವಿಭಾಗದ ಒಂದೇ ಒಂದು ಫ್ರಿಜ್ಜಿನಲ್ಲಿದ್ದವು. ಭಾನುವಾರ ಅವನ್ನು ಪರೀಕ್ಷೆಗೆಂದು ದೊಡ್ಡ ಪ್ರಯೋಗಾಲಯಕ್ಕೆ ಒಯ್ಯಬೇಕಿತ್ತು.

ಶುಕ್ರವಾರ ವಿಭಾಗದ ಮುಖ್ಯಸ್ಥರ ಮುಂದೆ ನಿಂತು ಕೇಳಿದರು. "ಸರ್, ನಾಳೆ ರಂಗೋಲಿಗೆ ಬ್ಯಾರೆಯವರನ್ನ ಹಾಕ್ರಿ. ನನಗ ಸೀಸೆ ಪ್ಯಾಕ್ ಮಾಡೋದೈತಿ."

"ಸೀಸೆಗೇನು ಕಾಲ್ ಬಂದಾವೇನ್ರೀ ಓಡಿಹೋಗಾಕ? ನಾಳೆ ಕಾರ್ಯಕ್ರಮ ಇರೋದ ಮಹಿಳಾ ವಿಜ್ಞಾನಿಗಳ ಪ್ರೋತ್ಸಾಹಕ್ಕ. ಸನ್ಮಾನಾನೂ ನಿಮಗ. ಛಲೋ ಸೀರಿ ಉಟ್ಕೊಂಡ್ ಬರ್ರಿ."

ಪಕ್ಕದಲ್ಲಿದ್ದ ಸಹೋದ್ಯೋಗಿ ನಕ್ಕರು. "ಗಂಡಸರಿಗೆ ಇಂಥಾ ಭಾಗ್ಯ ಎಲ್ಲೈತ್ರೀ? ಮುಂದಿನ ಜನ್ಮಕ್ಕ ಹೆಣ್ಣಾಗೇ ಹುಟ್ಟತೀನಿ."

ಶನಿವಾರ ರಂಗೋಲಿ ಹಾಕಿ, ಆರತಿ ತಟ್ಟೆ ಹಿಡಿದು, ಅತಿಥಿಗಳಿಗೆ ಚಹಾ ಕೊಟ್ಟು, ಕೊನೆಗೆ ವಾರಿಜಾ ವೇದಿಕೆ ಹತ್ತಿದರು. ಹಾರ ಹಾಕಿ ಶಾಲು ಹೊದಿಸಿದ ಮುಖ್ಯಸ್ಥರು, "ಇವರ ಸಂಶೋಧನೆಗೆ ಕೂದಲೆಳೆಯಷ್ಟೂ ಅಡ್ಡಿ ಬರಗೊಡುವುದಿಲ್ಲ" ಎಂದು ಮೈಕಿನಲ್ಲಿ ಹೇಳಿದರು. ಚಪ್ಪಾಳೆ ಬಿತ್ತು.

ವೇದಿಕೆ ಇಳಿದವರೇ ವಾರಿಜಾ ವಿಭಾಗಕ್ಕೆ ಓಡಿದರು. ಫ್ರಿಜ್ ತೆರೆದರೆ ಒಂದು ಸೀಸೆಯೂ ಇಲ್ಲ.

"ಚನ್ನವೀರಪ್ಪ, ನನ್ನ ಸೀಸೆ ಎಲ್ಲಿ?"

ಅಟೆಂಡರ್ ನಗುನಗುತ್ತಲೇ ಬಂದ. "ನಿನ್ನೆ ಸಂಜಿಕೇ ಎಲ್ಲಾ ಚೆಲ್ಲಿ, ತೊಳೆದು ಬೋರಲು ಹಾಕೀನ್ರೀ ಮೇಡಂ. ನಿಮಗ ಹಾಕೋ ಹಾರ ಬಾಡಬಾರ್ದು, ಫ್ರಿಜ್ ಖಾಲಿ ಮಾಡು ಅಂದ್ರು ಸಾಹೇಬ್ರು."